ಕೂ ಹಾಕಿದ ಸುರಕ್ಷತಾಧಿಕಾರಿ

ಯಾವ ಸಭಾಂಗಣಕ್ಕೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಹುಡುಕುವುದು ಹೊರಗೆ ಹೋಗುವ ಬಾಗಿಲನ್ನು. ಮದುವೆಯ ಮನೆಯಲ್ಲಿ ಉಳಿದವರೆಲ್ಲ ವಧೂವರರ ಜೋಡಿಯನ್ನೋ ಮಂಟಪದ ಅಲಂಕಾರವನ್ನೋ ಊಟದ ಎಲೆ ಹಾಕಲು ಇನ್ನೆಷ್ಟು ಹೊತ್ತಿದೆ ಎಂಬುದನ್ನೋ ಗಮನಿಸುತ್ತಿರುವಾಗ, ನಾನು ಚಪ್ಪರದ ಬಟ್ಟೆಗೂ ಅಡುಗೆಯ ಒಲೆಗೂ ನಡುವಿನ ಅಂತರವನ್ನು ಕಣ್ಣಳತೆಯಲ್ಲೇ ಅಳೆಯುತ್ತ, ವೃದ್ಧರನ್ನು ಯಾವ ಕಡೆಯಿಂದ ಸಾಗಿಸಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತೇನೆ. ಕುಮಟೆಯಲ್ಲಿ ಹೆಂಡತಿಯ ಕಡೆಯ ಮದುವೆಯೊಂದರಲ್ಲಿ ನಾನು ಹೀಗೆ ಕಂಬ ಕಂಬ ಮುಟ್ಟಿ ನೋಡುತ್ತಿದ್ದಾಗ ಆಕೆ ಎಲ್ಲರೆದುರೇ, "ನೀವು ಮದ್ವೆಗೆ ಬಂದದ್ದೋ, ಜಪ್ತಿಗೆ ಬಂದದ್ದೋ?" ಎಂದು ಕೇಳಿದ್ದಳು. ಬೀಗರು ನಕ್ಕರು, ನಾನೂ ನಕ್ಕೆ, ನಕ್ಕು ಮುಗಿಸಿ ಹಿಂಬಾಗಿಲಿಗೆ ಬೀಗ ಹಾಕಿಲ್ಲವಷ್ಟೇ ಎಂದು ನೋಡಿಕೊಂಡು ಬಂದೆ.

ಈ ವ್ಯಾಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ, ಉದ್ಯೋಗದಿಂದ ಅಂಟಿಕೊಂಡದ್ದು. ಹೊಸ ಶತಮಾನ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ ಕಾಲ; ಮೊಬೈಲ್ ಫೋನು ಅಂಗಿಯ ಜೇಬಿನಿಂದ ಅರ್ಧ ಹೊರಗಿಣುಕುವಂತೆ ಧರಿಸುವ ಆಭರಣವಾಗಿದ್ದ ಕಾಲ. ಹುಬ್ಬಳ್ಳಿಯ ಒಂದು ಪಂಪ್‌ಸೆಟ್ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ ನಾನು ಅಧಿಕಾರಿಯಾಗಿದ್ದೆ. ವರ್ಷಕ್ಕೊಮ್ಮೆ ಮಾರಾಟ ವಿಭಾಗದವರನ್ನೆಲ್ಲ ಕೂಡಿಹಾಕಿ ಸಭೆ ನಡೆಸುವುದು ನಮ್ಮಲ್ಲಿ ಹಳೆಯ ಸಂಪ್ರದಾಯ. ಆದರೆ ಆ ಸಭೆಯನ್ನು ಕಚೇರಿಯ ನಾಲ್ಕು ಗೋಡೆಗಳಾಚೆ, ಪ್ರಕೃತಿಯ ಸಾನ್ನಿಧ್ಯದಲ್ಲಿ ನಡೆಸಿದರೆ ಜನರ ಬುದ್ಧಿ ವಿಕಸಿಸುತ್ತದೆಂಬ ನಂಬಿಕೆ ಆಗಷ್ಟೇ ಮುಂಬಯಿಯಿಂದ ಘಟ್ಟ ಹತ್ತಿ ನಮ್ಮ ಕಡೆಗೂ ಬಂದಿತ್ತು. ಎಲ್ಲಿಗೆ ಹೋಗೋಣವೆಂಬ ಪ್ರಶ್ನೆ ಎದ್ದಾಗ ಗೋವಾ ಎಂದವರೇ ಬಹುಸಂಖ್ಯಾತರು. ಅವರ ಬುದ್ಧಿವಿಕಾಸ ಯಾವ ದ್ರವದಲ್ಲಿ ಅಡಗಿದೆಯೆಂಬುದು ಎಲ್ಲರಿಗೂ ತಿಳಿದಿತ್ತು. ನಾನು ಹೊನ್ನಾವರ ತಾಲೂಕಿನ ಮಂಕಿಯವನು, ಅಲ್ಲಿಯ ಶಾಲೆಯ ಮಾಸ್ತರರ ಮಗ. ಸ್ವಂತ ಊರಿನ ಸಮುದ್ರವಿರುವಾಗ ಪರರ ಸಮುದ್ರವೇಕೆಂಬ ಅಭಿಮಾನ ಉಕ್ಕಿ ಬಂದು, ಅಪ್ಸರಕೊಂಡವನ್ನು ಯಾರಾದರೂ ನೋಡಿದ್ದೀರಾ ಎಂದು ಬಾಯಿ ಬಿಟ್ಟೆ. ಸಭೆಗಳಲ್ಲಿ ಬಾಯಿ ಬಿಟ್ಟವನ ಹೆಗಲಿಗೇ ಕೆಲಸ ಬೀಳುತ್ತದೆಂಬ ನಿಯಮ ನಿಮಗೂ ಗೊತ್ತಿರಬಹುದು.

ನಮ್ಮ ಆಡಳಿತ ನಿರ್ದೇಶಕರು ಧಾರವಾಡದ ಕಡೆಯ ದೇಸಾಯಿಯವರು. ಎತ್ತರದ ಮನುಷ್ಯ, ಮಿತಭಾಷಿ. ಅವರು ನನ್ನನ್ನು ಕೋಣೆಗೆ ಕರೆದು, "ಜಾಗಾ ನೀವು ಹೇಳೀರಿ, ಜವಾಬ್ದಾರಿನೂ ನಿಮ್ಮದ. ಹೋದಷ್ಟು ಮಂದಿ ತಿರುಗಿ ಬರಬೇಕು, ಅಷ್ಟ" ಎಂದರು. ಇದೇನು ದೊಡ್ಡ ಮಾತೆಂದು ನಾನು ಮುಗುಳ್ನಕ್ಕಿರಬೇಕು. ಆಗ ಅವರು ಕುರ್ಚಿ ತೋರಿಸಿ ಕೂರಿಸಿ, ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದರು. ಹಿಂದೆ ಬೇರೊಂದು ಕಡೆ ಕೆಲಸದಲ್ಲಿದ್ದಾಗ ಹೀಗೆಯೇ ಒಂದು ಪ್ರವಾಸ ಹೋಗಿದ್ದರಂತೆ. ಗದ್ದಲ ಬೇಡ, ಪ್ರಶಾಂತವಾಗಿರಲಿ ಎಂದು ನರಪಿಳ್ಳೆ ಇಲ್ಲದ ಕಡಲತೀರವನ್ನು ಅವರೇ ಹುಡುಕಿ ಆರಿಸಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ತರುಣನೊಬ್ಬ ನೀರಿಗಿಳಿದವನು ಅಲೆಯ ಸೆಳೆತಕ್ಕೆ ಸಿಕ್ಕ. ದಡದಲ್ಲಿದ್ದವರಿಗೆ ಯಾರಿಗೂ ಈಜು ಬಾರದು. ಕೂಗಿದರು, ಕಿರುಚಿದರು, ಕೇಳಿಸಿಕೊಳ್ಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಆ ಹುಡುಗನ ಮನೆಗೆ ಸುದ್ದಿ ಒಯ್ದವರು ದೇಸಾಯಿಯವರೇ. "ಅವರವ್ವ ಬಾಗಿಲಾ ತಗದು, ಒಳಗ ಬರ್ರಿ, ಚಹಾ ಮಾಡ್ತೀನಿ ಅಂದ್ಲು. ಅಂಥಾ ಬಾಗಲದಾಗ ಮತ್ತೊಮ್ಮೆ ನಿಲ್ಲೂ ಶಕ್ತಿ ನನಗಿಲ್ಲ" ಎಂದು ಹೇಳಿ ಅವರು ಕಿಟಕಿಯ ಕಡೆ ತಿರುಗಿದರು. ನನ್ನ ಮುಗುಳ್ನಗೆಯನ್ನು ಎಲ್ಲಿ ಬಚ್ಚಿಡಬೇಕೋ ನನಗೆ ತಿಳಿಯಲಿಲ್ಲ.

ಆ ದಿನದಿಂದ ನಾನು ಸುರಕ್ಷತಾಧಿಕಾರಿ. ಪದವಿಗೆ ಸಂಬಳವಿರಲಿಲ್ಲ, ನಿದ್ರೆಯೂ ಇರಲಿಲ್ಲ. ನೀರನ್ನು ಪಾತಾಳದಿಂದ ಮೇಲೆತ್ತುವುದೇ ಕಸುಬಾದ ಕಂಪನಿಯ ಜನ ನೀರಿನೊಳಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ನನ್ನದಾಯಿತು. ಎರಡು ಭಾನುವಾರ ಹೊನ್ನಾವರಕ್ಕೆ ಹೋಗಿ, ಅಪ್ಸರಕೊಂಡದ ಗುಡ್ಡದ ಕೆಳಗೆ ಕಡಲಿಗೆ ಮುಖ ಮಾಡಿದ್ದ ವಸತಿಗೃಹವೊಂದನ್ನು ಗೊತ್ತು ಮಾಡಿದೆ. ಹೊನ್ನಾವರದಲ್ಲಿ ವೈದ್ಯರೊಬ್ಬರಿಗೆ ಮೊದಲೇ ಹೇಳಿಟ್ಟೆ. ಅವರು ಕಾಯಿಲೆ ಯಾರಿಗೆಂದು ಕೇಳಿದಾಗ ಇನ್ನೂ ನಿಶ್ಚಯವಾಗಿಲ್ಲ ಎಂದು ಉತ್ತರಿಸಿ ಅವರ ಹುಬ್ಬು ಮೇಲೇರುವಂತೆ ಮಾಡಿದೆ. ತುರ್ತಿಗೆಂದು ಭಟ್ಕಳದಿಂದ ಒಂದು ಜೀಪು ತರಿಸಿದೆ. ಅದರ ಚಾಲಕ ಇಲಿಯಾಸ್ ಮನೆಯವರೊಡನೆ ನವಾಯಿತಿ ನುಡಿಯಲ್ಲೂ ಪೇಟೆಯವರೊಡನೆ ಉರ್ದುವಿನಲ್ಲೂ ನನ್ನೊಡನೆ ಕನ್ನಡದಲ್ಲೂ ಮಾತಾಡಬಲ್ಲವನು. ಜೀಪಿನ ಮುಖ ಸದಾ ರಸ್ತೆಯ ಕಡೆಗೇ ಇರಬೇಕೆಂಬ ನನ್ನ ಆಜ್ಞೆಯನ್ನು ಮೂರೂ ಭಾಷೆಗಳಲ್ಲಿ ಗೇಲಿ ಮಾಡಿದ. ಬಂಡೆಗಳಿರುವ ಕಡೆ ಅಪಾಯದ ಗುರುತಿಗೆ ಕೆಂಪು ಬಾವುಟ ನೆಟ್ಟೆ. ಮರಳಿನ ಮೇಲೆ ಉದ್ದಕ್ಕೆ ಹಗ್ಗ ಕಟ್ಟಿ, ಇದನ್ನು ದಾಟಕೂಡದು ಎಂದೆ. ಹಗ್ಗದ ಆಚೆ ತುದಿಗೆ, ಮೀನುಗಾರರ ಕೇರಿ ಶುರುವಾಗುವಲ್ಲಿ, ಕಾವಲಿನವನೊಬ್ಬನನ್ನು ನಿಲ್ಲಿಸಿ ಹೊರಗಿನವರನ್ನು ಒಳಗೆ ಬಿಡಬೇಡವೆಂದು ತಾಕೀತು ಮಾಡಿದೆ. ನನ್ನ ಯೋಜನೆಯಲ್ಲಿ ಆ ಕೇರಿಯವರು ಬರುತ್ತಿದ್ದದ್ದು ಅದೊಂದೇ ಕಡೆ, ತಡೆಯಬೇಕಾದವರ ಸಾಲಿನಲ್ಲಿ.

ಈಗ ಯೋಚಿಸಿದರೆ ನಗು ಬರುತ್ತದೆ. ನಾನು ಕಾಲೇಜಿಗೆಂದು ಧಾರವಾಡಕ್ಕೆ ಹೊರಟಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನಮ್ಮೋರು ಅಂತ ಯಾರಿದ್ರು?" ಹಾಸ್ಟೆಲಿದೆ, ವಾರ್ಡನ್ನರಿದ್ದಾರೆ, ಎದುರಿಗೇ ಆಸ್ಪತ್ರೆಯಿದೆ ಎಂದು ನಾನು ವರ್ಣಿಸಿದ್ದನ್ನೆಲ್ಲ ಸಮಾಧಾನದಿಂದ ಕೇಳಿ, "ಅದೆಲ್ಲ ಸೈ, ನಮ್ಮೋರು ಯಾರಿದ್ರು?" ಎಂದು ಮತ್ತೆ ಅಲ್ಲಿಗೇ ಬಂದಿದ್ದಳು. ನಮ್ಮ ಕರಾವಳಿಯ ತಾಯಂದಿರು ಈ ಒಂದು ಪ್ರಶ್ನೆಯಲ್ಲಿ ಇಡೀ ಭೂಮಂಡಲದ ಪರೀಕ್ಷೆ ಮುಗಿಸಿಬಿಡುತ್ತಾರೆ. ಹುಬ್ಬಳ್ಳಿಯಲ್ಲಿ ಕುಳಿತು ಹಗ್ಗ, ಬಾವುಟ, ಸಿಳ್ಳೆಗಳನ್ನು ಹೊಂದಿಸುತ್ತಿದ್ದ ನನಗೆ ಮಾತ್ರ ಅಮ್ಮನ ಮಾತು ನೆನಪಿಗೆ ಬರಲಿಲ್ಲ. ವಿದ್ಯಾವಂತನಾದ ಮೇಲೆ ಮನುಷ್ಯನಿಗೆ ಇಂಥ ಮರೆವು ಸಹಜ.

ಸಭೆಯ ಮೊದಲನೆಯ ದಿನ ಎಲ್ಲವೂ ಸುಸೂತ್ರವಾಗಿಯೇ ನಡೆಯಿತು. ಒಂದೇ ಕೊರತೆಯೆಂದರೆ ಗುಡ್ಡದ ಮರೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ನಮ್ಮ ಮಾರಾಟ ಅಧಿಕಾರಿಗಳು ಸೂರ್ಯನಿಗೆ ಅರ್ಘ್ಯ ಕೊಡುವವರಂತೆ ಫೋನನ್ನು ಎರಡೂ ಕೈಯಲ್ಲಿ ಮೇಲೆತ್ತಿಕೊಂಡು ಮರಳಿನ ಮೇಲೆ ಓಡಾಡಿದರು. ಮಧ್ಯಾಹ್ನ ಬಂಗಡೆ ಮೀನಿನ ಸಾರು, ಶಾಕಾಹಾರಿಗಳಿಗೆ ಪತ್ರೊಡೆ; ಊಟದ ಭಾರಕ್ಕೆ ಸಭೆಯೇ ತೂಕಡಿಸುತ್ತಿತ್ತು. ಇಳಿಹೊತ್ತಿಗೆ ದೇಸಾಯಿಯವರು ನನ್ನನ್ನು ದಡಕ್ಕೆ ಕರೆದುಕೊಂಡು ಹೋಗಿ, "ಒಮ್ಮೆ ತಾಲೀಮು ಮಾಡಿ ನೋಡೋಣ. ಯಾರೋ ನೀರಾಗ ಬಿದ್ದಾರ ಅಂತ ತಿಳ್ಕೋರಿ. ನೀವು ಕರದ್ರ ನಮ್ಮ ಮಂದಿ ಎಷ್ಟು ಲಗೂನ ಬರ್ತಾರ ನೋಡೋಣು" ಎಂದರು. ನಾನು ಕೊರಳಲ್ಲಿ ತೂಗಾಡುತ್ತಿದ್ದ ಸಿಳ್ಳೆಯನ್ನು ಗಾಂಭೀರ್ಯದಿಂದ ಊದಿದೆ. ಅಲೆಗಳ ಮೊರೆತದಲ್ಲಿ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಊದಿದೆ, ಒಳಗೆ ಮರಳು ಸೇರಿಕೊಂಡಿದ್ದ ಸಿಳ್ಳೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಸಭಾಂಗಣದಿಂದ ಯಾರೂ ಹೊರಗೆ ಬರಲಿಲ್ಲ. "ಇನ್ನೂ ಜೋರ, ಇನ್ನೂ ಜೋರ" ಎಂದು ದೇಸಾಯಿಯವರು ಅವಸರಿಸಿದರು.

ಆಗ ನನ್ನ ಕೈಗಳೆರಡೂ ನನ್ನನ್ನು ಕೇಳದೆಯೇ ಬಾಯಿಯ ಸುತ್ತ ಸೇರಿಕೊಂಡವು, ನಾನು ಕೂ ಹಾಕಿದೆ.

ಘಟ್ಟದ ಮೇಲಿನ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ತೋಟದ ಆಚೆ ಬದಿಯವನನ್ನು ಕರೆಯುವುದಕ್ಕೆ, ಹೊಳೆಯ ಆ ದಡದ ದೋಣಿಯನ್ನು ಕರೆಯುವುದಕ್ಕೆ ಗಿಡ್ಡಗೆ ಒಂದು ಕೂ ಹಾಕುತ್ತೇವೆ. ಆ ಕಡೆಯವನು ಅಷ್ಟೇ ಗಿಡ್ಡಗೆ ಓಗೊಡುತ್ತಾನೆ. ಅದಕ್ಕೆ ಯಾವ ಗೌರವವೂ ಇಲ್ಲ, ಭಯವೂ ಇಲ್ಲ. ಆದರೆ ಉಸಿರು ಮುಗಿಯುವ ತನಕ ಎಳೆದು, ಉಸಿರು ತೆಗೆದುಕೊಂಡು ಮತ್ತೆ ಎಳೆದು, ಬಿಡದೆ ಹಾಕುವ ಕೂ ಬೇರೆಯದು. ಅದನ್ನು ಹಾಕುವುದು ಯಾರಾದರೂ ಬಾವಿಗೆ ಬಿದ್ದಾಗ, ಹುಲ್ಲಿನ ಬಣವೆಗೆ ಬೆಂಕಿ ಹತ್ತಿದಾಗ, ಕಡಲು ಯಾರನ್ನಾದರೂ ಎಳೆದುಕೊಂಡಾಗ. ಅದು ಕಿವಿಗೆ ಬಿದ್ದವರು ಉಣ್ಣುತ್ತಿದ್ದರೆ ಎಂಜಲು ಕೈಯಲ್ಲೇ ಏಳಬೇಕು. ಚಿಕ್ಕವರಿದ್ದಾಗ ಆಟಕ್ಕೆಂದು ಆ ಕೂ ಹಾಕಿದ ಮಕ್ಕಳಿಗೆ ಯಾರ ಮನೆಯ ಹಿರಿಯರು ಬೇಕಾದರೂ ಹೊಡೆಯಬಹುದಿತ್ತು, ಹೆತ್ತವರು ಏಕೆಂದು ಕೇಳುತ್ತಿರಲಿಲ್ಲ. ಇಷ್ಟೆಲ್ಲ ತಿಳಿದಿದ್ದ ನಾನು, ಮೇಲಧಿಕಾರಿಯ ಮೆಚ್ಚುಗೆಗಾಗಿ, ಎದೆ ತುಂಬ ಗಾಳಿ ಎಳೆದುಕೊಂಡು ಹಾಕಿದ್ದು ಆ ಎರಡನೆಯ ಕೂ.

ಮೊದಲು ಕೇರಿಯ ತೆಂಗಿನ ಮರಗಳ ಕಡೆಯಿಂದ ಒಂದು ಕೂ ತಿರುಗಿ ಬಂತು. ಆಮೇಲೆ ಅದರಾಚೆಯಿಂದ ಇನ್ನೊಂದು. ಕಣ್ಣು ಹಾಯಿಸಿದರೆ, ಕೇರಿಯ ಮುಂದಿನ ದಡದಲ್ಲಿ ಬಲೆ ಎಳೆಯುತ್ತಿದ್ದ ಜನರೆಲ್ಲ ನಮ್ಮ ಕಡೆಗೇ ಓಡಿಬರುತ್ತಿದ್ದರು. ರಂಪಣಿಯೆಂಬ ದೊಡ್ಡ ಎಳೆಬಲೆಯ ಚಿಕ್ಕ ತಂಗಿಯಂಥ ಬಲೆ ಅದು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಸುತ್ತು ಬಳಸಿ ಬಿಟ್ಟುಬಂದು, ಎರಡು ತುದಿಯ ಹಗ್ಗಗಳನ್ನು ಎರಡು ಗುಂಪು ದಡದಲ್ಲಿ ನಿಂತು ಎಳೆಯಬೇಕು. ನಡುವೆ ಕೈ ಬಿಟ್ಟರೆ ಬಲೆಯ ಅಡಿ ಸಡಿಲಾಗಿ ಒಳಗಿದ್ದ ಮೀನೆಲ್ಲ ಹೊರಗೆ. ಅವರು ಕೈ ಬಿಟ್ಟಿದ್ದರು. ಗಂಡಸರು, ಹೆಂಗಸರು, ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತವರು, ಉದ್ದನೆಯ ಬಿದಿರ ಗಳ ಹಿಡಿದವರು, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿದವರು. ನಾನು ನಿಲ್ಲಿಸಿದ್ದ ಕಾವಲಿನವನೂ ಅವರ ಜೊತೆಗೇ ಓಡಿಬರುತ್ತಿದ್ದ. ನಾನು ಕಟ್ಟಿದ್ದ ಹಗ್ಗವನ್ನು ಅವರು ನೋಡಲೂ ಇಲ್ಲ. ಇಬ್ಬರು ಹುರಿಯಾಳುಗಳು ನೇರ ನೀರಿಗೇ ಹಾರಿ, ಸೊಂಟಮಟ್ಟ ನೀರಿನಲ್ಲಿ ನಿಂತು, "ಎಲ್ಲಿ? ಯಾವ ಬದಿಗೆ?" ಎಂದು ಕೂಗಿದರು.

"ಎಂತ ಆತು? ಯಾರು ಹೋದ್ರು?" ಎಂದು ಎಲ್ಲರಿಗಿಂತ ಮುಂದೆ ಬಂದು ನಿಂತವಳು ಒಬ್ಬ ವಯಸ್ಸಾದ ಹೆಂಗಸು, ಆಮೇಲೆ ತಿಳಿದಂತೆ ಹೆಸರು ಮಾದೇವಕ್ಕ. ಬಲೆಯ ಒಂದು ತುದಿಯ ಗುಂಪಿಗೆ ಅವಳೇ ಮುಂದಾಳು. ಓಡಿದ ರಭಸಕ್ಕೆ ಅವಳ ತುರುಬು ಬಿಚ್ಚಿಹೋಗಿತ್ತು. ಯಾರಿಗೂ ಏನೂ ಆಗಿಲ್ಲ, ಇದೊಂದು ತಾಲೀಮು ಎಂದು ನಾನು ಹೇಳಿದೆ. ತಾಲೀಮು ಎಂದರೇನೆಂದು ಯಾರೋ ಕೇಳಿದರು. ಸುಮ್ಮನೆ, ನೋಡುವುದಕ್ಕೆ, ಎಂದೆ. ನೀರಿನಲ್ಲಿದ್ದವರು ಮೆಲ್ಲಗೆ ದಡಕ್ಕೆ ಬಂದು ಲುಂಗಿ ಹಿಂಡಿಕೊಂಡರು.

ಮಾದೇವಕ್ಕ ನನ್ನ ಮುಖವನ್ನೇ ನೋಡುತ್ತ ಹತ್ತಿರ ಬಂದಳು. "ಮಂಕಿ ಮಾಸ್ತರ ಮಗ ಅಲ್ಲನಾ ನೀನು? ಕೂ ಎಂತಕ್ಕೆ ಹಾಕೂದು ಅಂತ ನಿಂಗೂ ಗೊತ್ತಿಲ್ಲಾ?" ಎಂದಳು. ದೇಸಾಯಿಯವರು ಮುಂದೆ ಬಂದು, ತಪ್ಪು ತಮ್ಮದು, ಹೋದ ಮೀನಿಗೆ ಏನಾಗುತ್ತದೋ ಕೊಡುತ್ತೇವೆ ಎಂದರು. ಅವಳು ಅವರ ಕಡೆ ತಿರುಗಲೂ ಇಲ್ಲ. "ಮೀನಿಗೆ ಎಂತ, ಸಮುದ್ರದಲ್ಲೇ ಇರ್ತದೆ. ಬಲೆ ನಾಳೆ ಮತ್ತೆ ಬಿಡೂಕೆ ಬರ್ತದೆ. ನಾಳೆ ಯಾರಾದ್ರೂ ಖರೆಯೇ ಕೂ ಹಾಕ್ದಾಗ, ಕಂಪ್ನಿಯೋರು ಆಟ ಆಡ್ತಿದ್ರು ಅಂತ ನಾವು ಸುಮ್ನೆ ಕುಂತ್ರೆ? ಆಗ ಎಂತ ಮಾಡೂದು ತಮಾ?" ಎಂದು ಕೇಳಿದಳು. ದನಿ ಏರಿಸಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಉತ್ತರಕ್ಕೆ ಕಾಯದೆ ತುರುಬು ಕಟ್ಟಿಕೊಂಡು, ಉಳಿದವರನ್ನು ಕರೆದುಕೊಂಡು ಹೊರಟುಹೋದಳು. ಅಷ್ಟರಲ್ಲಿ ಸಭಾಂಗಣದ ಬಾಗಿಲಲ್ಲಿ ಕಾಣಿಸಿಕೊಂಡ ನಮ್ಮ ಮಾರಾಟ ವಿಭಾಗದವರೊಬ್ಬರು ಕಣ್ಣುಜ್ಜಿಕೊಳ್ಳುತ್ತ, ಚಹಾ ಬಂತೇ ಎಂದು ಕೇಳಿದರು.

ದೇಸಾಯಿಯವರು ಬಹಳ ಹೊತ್ತು ಆ ಜನ ಹೋದ ದಿಕ್ಕನ್ನೇ ನೋಡುತ್ತಿದ್ದರು. "ಇವರೆಲ್ಲಾ ನಮ್ಮ ಪ್ಲ್ಯಾನಿನೊಳಗ ಎಲ್ಲ್ಯದಾರ?" ಎಂದು ಕೇಳಿದರು. ನಾನು ಕಾವಲಿನವನನ್ನು ನಿಲ್ಲಿಸಿದ್ದ ಹಗ್ಗದ ಆಚೆ ತುದಿಯನ್ನು ತೋರಿಸಿದೆ. "ಆವತ್ತ ಅಲ್ಲಿ ಇಂಥಾ ಒಬ್ಬರು ಇದ್ದಿದ್ರ..." ಎಂದು ಶುರು ಮಾಡಿ ವಸತಿಗೃಹದ ಕಡೆ ಹೊರಟುಬಿಟ್ಟರು. ಆ ಸಂಜೆಯ ಚರ್ಚೆಯಲ್ಲಿ ಮುಂದಿನ ವರ್ಷದ ಮಾರಾಟವನ್ನು ಎಷ್ಟು ಹೆಚ್ಚಿಸಬೇಕೆಂಬುದರ ಬಗ್ಗೆ ಅನೇಕರು ಸುದೀರ್ಘವಾಗಿ ಮಾತಾಡಿದರು. ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ. ಈ ದಡದಲ್ಲಿ ಎಷ್ಟೋ ತಲೆಮಾರುಗಳಿಂದ ಆ ಕೂ ಕೇಳಿದವರು ಪ್ರಶ್ನೆ ಮಾಡದೆ ಎದ್ದು ಬರುತ್ತಿದ್ದರು. ಸುರಕ್ಷತೆಯ ಹೆಸರಿನಲ್ಲಿ ಅದಕ್ಕೊಂದು ಸುಳ್ಳನ್ನು ಸೇರಿಸಿ ಹೋಗಲು ನಾನೇ ಬರಬೇಕಾಯಿತೇ? ನಾಳೆ ನಾವು ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿಬಿಡುತ್ತೇವೆ. ಮುಳುಗುವವರು ಇಲ್ಲಿಯವರು, ಕೂ ಹಾಕುವವರು ಇಲ್ಲಿಯವರು. ಯಾರೋ ಒಬ್ಬ ಒಂದು ಗಳಿಗೆ ಅನುಮಾನಿಸಿ ತಡವಾಗಿ ಎದ್ದರೆ, ಅದರ ಲೆಕ್ಕ ಯಾರ ತಲೆಗೆ?

ಮರುದಿನ ಬೆಳಿಗ್ಗೆ ತಿಂಡಿಗೆ ಮೊದಲು ದೇಸಾಯಿಯವರು ದಡದಲ್ಲಿ ಅಡ್ಡಾಡುತ್ತಿದ್ದರು, ನಾನು ಕೊಂಚ ಹಿಂದೆ ಇದ್ದೆ. ಬಂಡೆಯ ಮೇಲೆ ನೆಟ್ಟಿದ್ದ ಕೆಂಪು ಬಾವುಟ ರಾತ್ರಿಯ ಗಾಳಿಗೆ ವಾಲಿಕೊಂಡಿತ್ತು. ಅಪಾಯದ ಗುರುತು ಸರಿಯಾಗಿ ಕಾಣದಿದ್ದರೆ ಯಾರಾದರೂ ಅಪಾಯಕ್ಕೆ ಸಿಕ್ಕಾರೆಂದು ಅವರು ಅದನ್ನು ನೆಟ್ಟಗೆ ಮಾಡಲು ಬಂಡೆಯ ಮೇಲೆ ಹೆಜ್ಜೆಯಿಟ್ಟರು. ಇಡೀ ಕಂಪನಿಯಲ್ಲಿ ನನ್ನ ಹಗ್ಗದ ಗೆರೆಯನ್ನು ದಾಟಿದವರು ಅವರೊಬ್ಬರೇ. ಪಾಚಿಯ ಮೇಲೆ ಕಾಲು ಜಾರಿತು. ನಾನು ಓಡಿಹೋಗುವಷ್ಟರಲ್ಲಿ ಅವರ ಒಂದು ಕಾಲು ಎರಡು ಬಂಡೆಗಳ ಸಂದಿಯಲ್ಲಿ ಮೊಣಕಾಲವರೆಗೆ ಸಿಕ್ಕಿಕೊಂಡಿತ್ತು. ಉಬ್ಬರದ ನೀರು ಏರುತ್ತಿತ್ತು. ಪ್ರತಿ ಅಲೆಗೂ ಅವರ ಎದೆಯ ತನಕ ನೊರೆ ಬಂದು ಹೋಗುತ್ತಿತ್ತು. ಕಂಕುಳಿಗೆ ಕೈ ಹಾಕಿ ಎಳೆದೆ, ಅವರು ಅಲುಗಲಿಲ್ಲ. ಮತ್ತೆ ಎಳೆದೆ. ನಾನು ಬಿಟ್ಟು ಓಡಿದರೆ ಅಲೆ ಅವರ ತಲೆಯನ್ನು ಬಂಡೆಗೆ ಅಪ್ಪಳಿಸಬಹುದಿತ್ತು. ನಮ್ಮವರು ಸಭಾಂಗಣದಲ್ಲಿ ತಿಂಡಿಗೆ ಕುಳಿತಿದ್ದರು. ಸಿಳ್ಳೆ ಸತ್ತಿತ್ತು, ಫೋನಿನಿಂದ ಪ್ರಯೋಜನವಿರಲಿಲ್ಲ.

"ಕರೀರಿ ಅವರನ್ನ" ಎಂದರು ದೇಸಾಯಿಯವರು, ಕೇರಿಯ ಕಡೆ ನೋಡುತ್ತ. ಬಾಯಿ ತೆರೆದೆ. ನಿನ್ನೆಯ ಸುಳ್ಳಿನ ಮೇಲೆ ಇಂದಿನ ಕೂವನ್ನು ಯಾರು ನಂಬುತ್ತಾರೆ? ನನ್ನ ಇಡೀ ಜೀವಮಾನದಲ್ಲಿ ಅಷ್ಟು ನಾಚಿಕೆ, ಅಷ್ಟು ಭಯ ಒಟ್ಟಿಗೇ ಆದದ್ದಿಲ್ಲ. ಬಂಡೆಯ ಮೇಲಿಂದ ನೋಡಿದರೆ ದೂರದ ದಡದಲ್ಲಿ ಕೇರಿಯವರು ಮತ್ತೆ ಬಲೆ ಎಳೆಯುತ್ತಿರುವುದು ಕಾಣುತ್ತಿತ್ತು. ಹಗ್ಗ ಹಿಡಿದು ಹಿಂದಕ್ಕೆ ವಾಲಿದ ಎರಡು ಸಾಲು. ಒಂದು ಕೈಯಲ್ಲಿ ಸಾಹೇಬರ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಬಾಯಿಗೆ ಅಡ್ಡ ಇಟ್ಟು ಕೂ ಹಾಕಿದೆ. ಅಳುವೇ ಅದು. ಹಾಕಿದೆ, ಉಸಿರೆಳೆದೆ, ಮತ್ತೆ ಹಾಕಿದೆ. ಆ ಎರಡು ಸಾಲು ಹಾಗೇ ನಿಂತವು. ಅಲೆಯೊಂದು ನಮ್ಮಿಬ್ಬರ ಮೇಲೂ ಹಾದುಹೋಯಿತು, ಕಣ್ಣೊಳಗೆ ಉಪ್ಪುನೀರು ತುಂಬಿ ಏನೂ ಕಾಣದಾಯಿತು.

ಕಣ್ಣೊರೆಸಿಕೊಂಡು ನೋಡಿದಾಗ ದಡದಲ್ಲಿ ಹಗ್ಗ ಮಾತ್ರ ಬಿದ್ದಿತ್ತು. ಅವರು ಬರುತ್ತಿದ್ದರು.

ಆಮೇಲಿನದನ್ನು ನಾನು ಸರಿಯಾಗಿ ಹೇಳಲಾರೆ. ಯಾರೋ ನನ್ನನ್ನು ಪಕ್ಕಕ್ಕೆ ತಳ್ಳಿದರು, ಯಾರೋ ಬಂಡೆಯ ಸಂದಿಗೆ ಗಳ ಹಾಕಿ ಮೀಟಿದರು, ಯಾರೋ ಸಾಹೇಬರ ಸೊಂಟಕ್ಕೆ ಹಗ್ಗ ಸುತ್ತಿ ಒಂದು ಅಲೆ ಹಿಂದೆ ಸರಿಯುವುದನ್ನೇ ಕಾದು ಎತ್ತಿದರು. ಮರಳಿನ ಮೇಲೆ ಮಲಗಿಸಿದಾಗ ಅವರ ಕಾಲಿನಿಂದ ರಕ್ತ ಸುರಿಯುತ್ತಿತ್ತು, ಮುಖ ಬಿಳಿಚಿತ್ತು, ಆದರೆ ಕಣ್ಣು ತೆರೆದಿತ್ತು. ಮಾದೇವಕ್ಕ ತನ್ನ ತಲೆಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿ ಅವರ ಕಾಲಿಗೆ ಬಿಗಿದು, ಅಲ್ಲೇ ಕುಸಿದು ಕುಳಿತು ಏದುಸಿರು ಬಿಡತೊಡಗಿದಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ನನ್ನ ಕಡೆ ನೋಡಿದಳು.

"ಇವತ್ತು ಖರೆಯೇ ಅಲ್ಲನಾ ತಮಾ?"

ನಾನು ತಲೆಯಾಡಿಸಿದೆ.

"ಇವತ್ತೂ ನಿಂದು ಆಟವೇ ಇರೂದು ಅಂದ್ಕಂಡೆ" ಎಂದಳು ಅವಳು, ಕೆದರಿದ ಕೂದಲನ್ನು ಹಿಂದಕ್ಕೆ ಸರಿಸುತ್ತ. "ದಾರಿಯುದ್ದಕ್ಕೂ ಅದೇ ಅಂದ್ಕಂತಾ ಓಡ್ ಬಂದೆ."

ದೇಸಾಯಿಯವರು ಮಲಗಿದಲ್ಲಿಂದಲೇ ಕೈ ಚಾಚಿ ಅವಳ ಕೈ ಹಿಡಿದುಕೊಂಡರು. ಇಲಿಯಾಸ್ ಜೀಪನ್ನು ಮರಳಿನ ಅಂಚಿಗೇ ತಂದು ನಿಲ್ಲಿಸಿ ಬಾಗಿಲು ತೆರೆದ. ಅವರು ಕೈ ಬಿಡಲಿಲ್ಲ.